ವರದಿಯ ಅಂಕಿಗಳು ಸದಸ್ಯರಿಗೆ ಕಾಣಬೇಕಾದರೆ

ಪ್ರಶ್ನೆ: ನಾನು ಶಿರಸಿ ತಾಲೂಕಿನ ಒಂದು ಸೇವಾ ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಪ್ರತಿ ವರ್ಷ ಸರ್ವಸಾಧಾರಣ ಸಭೆಗೆ ವರದಿ ಪುಸ್ತಕ ಹಂಚುತ್ತೇವೆ. ಅಢಾವೆ ಪತ್ರಿಕೆಯ (ಬ್ಯಾಲೆನ್ಸ್ ಶೀಟ್) ಪುಟ ಬಂದ ಕೂಡಲೇ ಸದಸ್ಯರು ಪುಸ್ತಕ ಮಡಚಿ ಇಡುತ್ತಾರೆ. ಕಳೆದ ವರ್ಷ ಕ್ಯಾನ್ವಾ ಎಂಬ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಒಂದು ದೊಡ್ಡ ಇನ್ಫೋಗ್ರಾಫಿಕ್ (ಅಂಕಿಗಳನ್ನು ಚಿತ್ರವಾಗಿ ತೋರಿಸುವ ಪೋಸ್ಟರು) ಮಾಡಿ ಸಭಾಭವನದ ಬಾಗಿಲಲ್ಲಿ ಹಾಕಿದೆ. ‘ಚೊಲೋ ಇದ್ದು’ ಎಂದು ಎಲ್ಲರೂ ಹೇಳಿದರು. ಆದರೆ ಅದನ್ನು ನೋಡಿ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಅದರ ಫೋಟೊ ಕಳಿಸಿದ್ದೇನೆ. ಎಲ್ಲಿ ಸರಿ ಮಾಡಬೇಕು?

ಉತ್ತರ: ಫೋಟೊ ನೋಡಿದೆ. ಎಷ್ಟು ಶ್ರಮ ಹಾಕಿದ್ದೀರಿ ಎನ್ನುವುದು ನೋಡಿದರೇ ಗೊತ್ತಾಗುತ್ತದೆ. ಆರು ಪೈ ಚಾರ್ಟು, ಅಡಿಕೆಯ ಚಿತ್ರಗಳು, ಹತ್ತಾರು ಬಣ್ಣ. ವರದಿ ಪುಸ್ತಕದಲ್ಲಿರುವ ಅಂಕಿಗಳೆಲ್ಲ ಪೋಸ್ಟರಿಗೂ ಬಂದಿವೆ. ತೊಂದರೆ ಇರುವುದು ಅಲ್ಲೇ. ಪುಸ್ತಕದಲ್ಲಿ ಸಾಲಾಗಿ ಕೂತಿದ್ದ ಅಂಕಿಗಳು ಇಲ್ಲಿ ಬಣ್ಣ ಹಚ್ಚಿಕೊಂಡು ಅಲ್ಲಲ್ಲಿ ನಿಂತಿವೆ, ಅಷ್ಟೇ. ನೋಡುವವರಿಗೆ ಒಂದನ್ನು ಇನ್ನೊಂದರ ಜೊತೆ ಹೋಲಿಸಲು ಏನೂ ಸಿಗುವುದಿಲ್ಲ. ಹೋಲಿಕೆ ಇಲ್ಲದ ಕಡೆ ಪ್ರಶ್ನೆಯೂ ಹುಟ್ಟುವುದಿಲ್ಲ.

‘ಠೇವಣಿ 18 ಕೋಟಿ’ ಎಂದು ಮೇಲೆ ದೊಡ್ಡದಾಗಿ ಬರೆದಿದ್ದೀರಿ. ಅದನ್ನು ಓದಿದ ಸದಸ್ಯ ಸಂತೋಷಪಡಬೇಕೋ, ಚಿಂತೆ ಮಾಡಬೇಕೋ? ಹೋದ ವರ್ಷ 20 ಕೋಟಿ ಇತ್ತು ಎಂದರೆ ಒಂದು ಮಾತು. 12 ಕೋಟಿ ಇತ್ತು ಎಂದರೆ ಬೇರೆಯೇ ಮಾತು. ಅಂಕಿ ಒಂಟಿಯಾಗಿ ನಿಂತರೆ ಅದಕ್ಕೆ ದೊಡ್ಡದು, ಸಣ್ಣದು ಎಂಬುದೇ ಇಲ್ಲ. ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ನೋಡಿ. 2011ರ ಜನಗಣತಿಯಂತೆ ಉತ್ತರ ಕನ್ನಡದಲ್ಲಿ ಚದರ ಕಿಲೋಮೀಟರಿಗೆ 140 ಜನ. ಇಷ್ಟೇ ಹೇಳಿದರೆ ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಈಗ ಒಂದೇ ಅಳತೆಯ ಎರಡು ಚೌಕ ಬರೆಯಿರಿ. ಒಂದು ಚುಕ್ಕಿ ಎಂದರೆ ಹತ್ತು ಜನ. ಒಂದರಲ್ಲಿ 14 ಚುಕ್ಕಿ, ಇನ್ನೊಂದರಲ್ಲಿ 32 ಚುಕ್ಕಿ ಇಡಿ. ಮೊದಲನೆಯದು ನಮ್ಮ ಜಿಲ್ಲೆ, ಎರಡನೆಯದು ಇಡೀ ರಾಜ್ಯದ ಸರಾಸರಿ. ರಾಜ್ಯದಲ್ಲಿ ಚದರ ಕಿಲೋಮೀಟರಿಗೆ 319 ಜನ ಇದ್ದರು. ಕುಮಟಾದಲ್ಲಿ ಶಿಕ್ಷಕರಿಗೆ ಇದನ್ನು ಹೇಳಿಕೊಡುವಾಗ ಎರಡು ಚೌಕ ಬರೆದು ನಿಲ್ಲಿಸಿದರೆ ಸಾಕು, ‘ಇಷ್ಟು ವ್ಯತ್ಯಾಸ ಯಾಕೆ’ ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. ಕಾಡು, ಘಟ್ಟ, ಜಲಾಶಯ, ವಲಸೆ ಎಲ್ಲ ಆಮೇಲೆ ಚರ್ಚೆಗೆ ಬರುತ್ತವೆ. ಬಣ್ಣವೂ ಬೇಕಾಗುವುದಿಲ್ಲ, ಸೀಮೆಸುಣ್ಣ ಸಾಕು.

ಅಂದರೆ ಇನ್ಫೋಗ್ರಾಫಿಕ್ ಮಾಡುವವರ ಮೊದಲ ಕೆಲಸ, ಯಾವ ಅಂಕಿಯ ಪಕ್ಕ ಯಾವ ಅಂಕಿ ನಿಲ್ಲಬೇಕು ಎಂದು ಆರಿಸುವುದು. ಚಿತ್ರ ಬರೆಯುವುದು ಆಮೇಲೆ.

ಹಾಗಾಗಿ ಈ ಸಲ ಕ್ಯಾನ್ವಾ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ವರ್ಷವಿಡೀ ಕೌಂಟರಿಗೆ ಬಂದ ಸದಸ್ಯರು ನಿಮ್ಮನ್ನು ಏನೇನು ಕೇಳಿದರು ಎಂದು ಅವರದೇ ಮಾತಿನಲ್ಲಿ ಬರೆಯಿರಿ. ನನ್ನ ಠೇವಣಿಗೆ ಏನೂ ಭಯ ಇಲ್ಲ ಅಲ್ವಾ? ಸಂಘಕ್ಕೆ ಲಾಭ ಬಂದಿದೆ ಅಂತೀರಿ, ಶೇರಿನ ಡಿವಿಡೆಂಡ್ ಯಾಕೆ ಏರಲಿಲ್ಲ? ಬಂಗಾರದ ಸಾಲ ಇಷ್ಟೊಂದು ಕೊಡ್ತೀರಲ್ಲ, ಬೆಳೆಸಾಲಕ್ಕೆ ದುಡ್ಡು ಉಳೀತದಾ? ಈ ಸಲ ಮಹಸೂಲು ವಿಕ್ರಿ (ಸಂಘದ ಮೂಲಕ ಸದಸ್ಯರ ಬೆಳೆಯ ಮಾರಾಟ) ಕಡಿಮೆಯಂತೆ, ಹೌದಾ? ಇಂಥವುಗಳಲ್ಲಿ ಮೂರೋ ನಾಲ್ಕೋ ಆರಿಸಿ. ಒಂದು ಪ್ರಶ್ನೆಗೆ ಒಂದು ಚಿತ್ರ. ಉಳಿದ ಅಂಕಿಗಳು ಪುಸ್ತಕದಲ್ಲೇ ಇರಲಿ. ಅವು ಆಡಿಟರಿಗೆ ಬೇಕು, ಇಲಾಖೆಗೆ ಬೇಕು, ಕೋಷ್ಟಕವೇ ಅವಕ್ಕೆ ಸರಿಯಾದ ಜಾಗ.

ಹೀಗೆ ಆರಿಸುವ ಕೆಲಸಕ್ಕೇ ಬೇರೆಯಾಗಿ ಜನರನ್ನು ಇಟ್ಟಿದ್ದ ಒಂದು ಸಂಸ್ಥೆ ಇತ್ತು. 1925ರಲ್ಲಿ ವಿಯೆನ್ನಾ ನಗರದಲ್ಲಿ ಓಟ್ಟೊ ನಾಯ್‌ರಾತ್ ಒಂದು ವಸ್ತುಸಂಗ್ರಹಾಲಯ ಶುರು ಮಾಡಿದರು. ಮನೆ, ಆರೋಗ್ಯ, ದುಡಿಮೆ ಇವುಗಳ ಲೆಕ್ಕವನ್ನು ಸಾಮಾನ್ಯ ಕೂಲಿಕಾರರಿಗೂ ಅರ್ಥವಾಗುವ ಹಾಗೆ ಚಿತ್ರದಲ್ಲಿ ತೋರಿಸುವುದು ಅದರ ಉದ್ದೇಶ. ಅಲ್ಲಿ ಅಂಕಿ ಕೊಡುವ ತಜ್ಞರು ಬೇರೆ. ಗೆರ್ಡ್ ಆರ್ಂಟ್ಸ್ ಅವರಂಥ ಕಲಾವಿದರು ಬೇರೆ. ಇವರಿಬ್ಬರ ನಡುವೆ ಮಾರಿ ರೈಡೆಮೈಸ್ಟರ್ ಎಂಬ ಮಹಿಳೆ ಇದ್ದರು. ರಾಶಿ ಅಂಕಿಗಳಲ್ಲಿ ಜನರಿಗೆ ಯಾವುದು ಮುಖ್ಯ, ಯಾವುದನ್ನು ಎಲ್ಲಿ ಇಡಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಿ ಕರಡು ಮಾಡುವುದು ಅವರ ಕೆಲಸ. ಕಲಾವಿದರ ಕೈಗೆ ಹೋಗುತ್ತಿದ್ದುದು ಆ ಕರಡು. ನಿಮ್ಮ ಸಂಘದಲ್ಲಿ ಆ ಜಾಗ ನಿಮ್ಮದು. ನಿಮಗೆ ಲೆಕ್ಕವೂ ಗೊತ್ತು, ಸದಸ್ಯರೂ ಗೊತ್ತು. ಹುಬ್ಬಳ್ಳಿಯ ಡಿಸೈನರಿಗೆ ಎಷ್ಟು ದುಡ್ಡು ಕೊಟ್ಟರೂ ಈ ಎರಡನೆಯದು ಅವರ ಹತ್ತಿರ ಸಿಗುವುದಿಲ್ಲ.

ಈಗ ನಿಮ್ಮ ಪೈ ಚಾರ್ಟುಗಳ ವಿಷಯಕ್ಕೆ ಬರೋಣ. ಸಾಲ ವಿತರಣೆಯ ಪೈಯಲ್ಲಿ ಏಳು ತುಂಡು ಇವೆ. ಪಕ್ಕದಲ್ಲಿ ಬರೆದ ಶೇಕಡಾ ಅಂಕಿಗಳನ್ನು ಕೈಯಿಂದ ಮುಚ್ಚಿ ಒಮ್ಮೆ ನೋಡಿ. ಬಂಗಾರದ ಸಾಲದ ತುಂಡು ದೊಡ್ಡದೋ, ಮಧ್ಯಮಾವಧಿ ಸಾಲದ ತುಂಡು ದೊಡ್ಡದೋ, ಹೇಳಲು ಬರುತ್ತದಾ? ನನಗೆ ಬರಲಿಲ್ಲ. ಅಂಕಿ ಓದಿಯೇ ತಿಳಿಯಬೇಕು ಎಂದಾದರೆ ಚಿತ್ರ ಯಾಕೆ ಬೇಕು? ಕಣ್ಣು ಯಾವುದನ್ನು ಚೆನ್ನಾಗಿ ಅಳೆಯುತ್ತದೆ, ಯಾವುದನ್ನು ಅಳೆಯಲು ಸೋಲುತ್ತದೆ ಎಂದು ಅಮೆರಿಕದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಒಂದೇ ಗೆರೆಯಿಂದ ಶುರುವಾಗುವ ಪಟ್ಟಿಗಳ ತುದಿ ಎಲ್ಲಿದೆ ಎಂದು ಹೋಲಿಸುವುದು ನಮ್ಮ ಕಣ್ಣಿಗೆ ಎಲ್ಲಕ್ಕಿಂತ ಸುಲಭ. ಕೋನ ಹೋಲಿಸುವುದು ಕಷ್ಟ. ಜಾಗದ ಅಳತೆ ಹೋಲಿಸುವುದು ಇನ್ನೂ ಕಷ್ಟ. ಬಣ್ಣದ ಗಾಢತೆ ನೋಡಿ ಎಷ್ಟು ಎಂದು ಹೇಳುವುದಂತೂ ತೀರಾ ಕಷ್ಟ. ಪೈ ಚಾರ್ಟು ನಮ್ಮಿಂದ ಕೋನವನ್ನೂ ಜಾಗವನ್ನೂ ಅಳೆಸುತ್ತದೆ. ಎರಡೇ ಭಾಗ ಇದ್ದಾಗ, ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ ಎಂದು ತೋರಿಸಲು ಅದು ಸಾಕು. ಏಳು ತುಂಡಿಗೆ ಬೇಡ.

ಅದೇ ಸಾಲದ ಲೆಕ್ಕವನ್ನು ಹೀಗೆ ಮಾಡಿ. ಗೂಗಲ್ ಶೀಟ್‌ನಲ್ಲಿ ಮೂರು ಕಾಲಂ ಇರಲಿ: ಸಾಲದ ಹೆಸರು, ಹೋದ ವರ್ಷ, ಈ ವರ್ಷ. ದೊಡ್ಡದರಿಂದ ಸಣ್ಣದಕ್ಕೆ ಸಾಲು ಜೋಡಿಸಿ. ಅಡ್ಡಪಟ್ಟಿಯ ಬಾರ್ ಚಾರ್ಟು ಆರಿಸಿ. ನಿಂತ ಕಂಬದ ಚಾರ್ಟು ಕನ್ನಡಕ್ಕೆ ಹೊಂದುವುದಿಲ್ಲ. ‘ಠೇವಣಿ ಆಧಾರದ ಸಾಲ’ ಎಂಬಷ್ಟು ಉದ್ದದ ಹೆಸರನ್ನು ಸಾಫ್ಟ್‌ವೇರು ಓರೆಯಾಗಿ ತಿರುಗಿಸಿ ಇಡುತ್ತದೆ, ಓದುವವರು ಕತ್ತು ವಾಲಿಸಬೇಕು. ಅಡ್ಡಪಟ್ಟಿಯಾದರೆ ಹೆಸರು ಎಡಕ್ಕೆ ನೆಟ್ಟಗೆ ಕೂರುತ್ತದೆ. ಹೋದ ವರ್ಷದ ಪಟ್ಟಿಗೆ ತಿಳಿ ಬೂದು, ಈ ವರ್ಷದ್ದಕ್ಕೆ ಗಾಢ ಬೂದು. ಈ ಚಿತ್ರಕ್ಕೆ ಆರಿಸಿದ ಪ್ರಶ್ನೆ ಬಂಗಾರದ ಸಾಲದ ಬಗ್ಗೆ ಅಲ್ವಾ? ಆ ಒಂದು ಪಟ್ಟಿಗೆ ಮಾತ್ರ ಕೇಸರಿ ಬಣ್ಣ ಹಾಕಿ. ಅಂಕಿಯನ್ನೂ ವರ್ಷವನ್ನೂ ಪಟ್ಟಿಯ ತುದಿಯಲ್ಲೇ ಬರೆಯಿರಿ. ಆಗ ಹಿಂದಿನ ಗೆರೆಗಳು, ಕೆಳಗಿನ ಅಳತೆ, ಮೂಲೆಯಲ್ಲಿರುವ ಬಣ್ಣದ ಕೀಲಿ ಯಾವುದೂ ಬೇಕಾಗುವುದಿಲ್ಲ, ತೆಗೆದುಹಾಕಿ. ಕೊನೆಯದಾಗಿ ತಲೆಬರಹ. ‘ಸಾಲ ವಿತರಣೆಯ ವಿವರ’ ಎಂದು ಬರೆಯಬೇಡಿ. ಚಿತ್ರದಲ್ಲಿ ಏನು ಕಂಡಿತೋ ಅದನ್ನೇ ಬರೆಯಿರಿ: ‘ಬಂಗಾರದ ಸಾಲ ಬೆಳೆಸಾಲವನ್ನು ಮೀರಿದೆ’. ಲೆಕ್ಕ ಹಾಗೆ ಇದ್ದರೆ ಮಾತ್ರ.

ಇಂಥ ತಲೆಬರಹ ಕಂಡು ಆಡಳಿತ ಮಂಡಳಿಯವರು ಮೊದಲು ಹಿಂಜರಿಯಬಹುದು. ಅವರಿಗೆ ಫ್ಲಾರೆನ್ಸ್ ನೈಟಿಂಗೇಲ್ ಅವರ ಕೆಲಸ ತೋರಿಸಿ. ನಮಗೆ ಅವರು ದೀಪ ಹಿಡಿದ ದಾದಿ ಎಂದೇ ಪರಿಚಯ, ಆದರೆ ಅಂಕಿಗಳನ್ನು ಚಿತ್ರವಾಗಿಸಿ ಸರ್ಕಾರವನ್ನು ಒಪ್ಪಿಸಿದವರಲ್ಲಿ ಅವರದು ದೊಡ್ಡ ಹೆಸರು. ಕ್ರಿಮಿಯಾ ಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನಿಕರ ಲೆಕ್ಕವನ್ನು 1858ರಲ್ಲಿ ಅವರು ತಿಂಗಳಿಗೊಂದು ಎಸಳಿನ ಹಾಗೆ ವೃತ್ತಾಕಾರದಲ್ಲಿ ತೋರಿಸಿದರು. ರೋಗದಿಂದ ಸತ್ತವರಿಗೆ ನೀಲಿ, ಗಾಯದಿಂದ ಸತ್ತವರಿಗೆ ಕೆಂಪು, ಉಳಿದ ಕಾರಣಗಳಿಗೆ ಕಪ್ಪು. ನೀಲಿಯೇ ತುಂಬಿಕೊಂಡಿತ್ತು. ಗುಂಡಿಗಿಂತ ಕೊಳಕು ನೀರು, ಕೊಳಕು ಆಸ್ಪತ್ರೆಗಳೇ ಸೈನಿಕರನ್ನು ಕೊಂದಿವೆ ಎಂಬುದು ಯಾರಿಗೂ ವಿವರಿಸದೆ ಕಾಣುತ್ತಿತ್ತು. ಚಿತ್ರವನ್ನು ಅವರು ಎರಡು ಭಾಗ ಮಾಡಿದ್ದರು. 1855ರ ಮಾರ್ಚ್‌ವರೆಗಿನ ಒಂದು ವರ್ಷ ಒಂದು ಕಡೆ, ಸ್ವಚ್ಛತೆಯ ಕೆಲಸ ಶುರುವಾದ ಮೇಲಿನ ವರ್ಷ ಇನ್ನೊಂದು ಕಡೆ. ಎರಡನೆಯ ಭಾಗದಲ್ಲಿ ನೀಲಿ ಕುಗ್ಗುತ್ತಾ ಹೋಗುತ್ತದೆ. ಆ ಎಸಳಿನ ಆಕಾರ ಓದಲು ಸುಲಭದ್ದಲ್ಲ, ಅದನ್ನು ನಕಲು ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕಲಿಯಬೇಕಾದದ್ದು ಅವರ ಗಟ್ಟಿತನವನ್ನು. ಯಾರು ನೋಡಬೇಕು, ನೋಡಿ ಏನು ಮಾಡಬೇಕು ಎಂಬುದು ಅವರಿಗೆ ಸ್ಪಷ್ಟವಿತ್ತು.

ಪೋಸ್ಟರಿನ ಎಡಗಡೆಯ ಎರಡು ಅಡಿಕೆ ಚಿತ್ರಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಈ ತಪ್ಪು ಪತ್ರಿಕೆಗಳಲ್ಲೂ, ದೊಡ್ಡ ದೊಡ್ಡ ಇಲಾಖೆಗಳ ಜಾಹೀರಾತಿನಲ್ಲೂ ಕಾಣುತ್ತದೆ. ಮಹಸೂಲು ವಿಕ್ರಿ ಒಂದೂವರೆ ಪಟ್ಟು ಆಗಿದೆ ಎಂದು ತೋರಿಸಲು ಎರಡನೆಯ ಅಡಿಕೆಯ ಎತ್ತರವನ್ನು ಒಂದೂವರೆ ಪಟ್ಟು ಮಾಡಿದ್ದೀರಿ. ಎತ್ತರದ ಜೊತೆ ಅಗಲವೂ ಅಷ್ಟೇ ಏರಿತು. ಹಾಗಾಗಿ ಕಾಗದದ ಮೇಲೆ ಅದು ತುಂಬಿದ ಜಾಗ ಎರಡೂಕಾಲು ಪಟ್ಟು. ಗುಂಡಗಿನ ಅಡಿಕೆಯಲ್ಲವೇ ಎಂದು ಕಣ್ಣು ಅದರ ಗಾತ್ರವನ್ನೇ ಅಂದಾಜು ಮಾಡಿತೋ, ಮೂರು ಪಟ್ಟನ್ನೂ ಮೀರುತ್ತದೆ. ನೀವು ಒಂದೂವರೆ ಎಂದು ಬರೆದಿದ್ದೀರಿ, ಚಿತ್ರ ಎರಡೂಕಾಲು ಎನ್ನುತ್ತಿದೆ. ಸದಸ್ಯರ ಮನಸ್ಸಿನಲ್ಲಿ ಉಳಿಯುವುದು ಚಿತ್ರ ಹೇಳಿದ್ದು.

ಇದಕ್ಕೂ ವಿಯೆನ್ನಾದವರು ಪರಿಹಾರ ಕೊಟ್ಟಿದ್ದಾರೆ. ಅವರ ನಿಯಮ ಸರಳ: ಹೆಚ್ಚು ಎಂದು ತೋರಿಸಲು ಚಿತ್ರವನ್ನು ದೊಡ್ಡದು ಮಾಡಬೇಡಿ, ಅದೇ ಅಳತೆಯ ಚಿತ್ರವನ್ನು ಜಾಸ್ತಿ ಸಲ ಇಡಿ. ಅಡಿಕೆಯ ಬದಲು ಚೀಲ ಬರೆಯಿರಿ. ಒಂದು ಚೀಲ ಎಂದರೆ 100 ಕ್ವಿಂಟಲ್ ಎಂದು ಕೆಳಗೆ ಬರೆಯಿರಿ. ಹೋದ ವರ್ಷ 800 ಕ್ವಿಂಟಲ್ ಎಂದಿಟ್ಟುಕೊಂಡರೆ ಮೇಲಿನ ಸಾಲಿನಲ್ಲಿ ಎಂಟು ಚೀಲ. ಈ ವರ್ಷ 1,200 ಆಗಿದ್ದರೆ ಕೆಳಗಿನ ಸಾಲಿನಲ್ಲಿ ಹನ್ನೆರಡು. ಎರಡೂ ಸಾಲು ಎಡಗಡೆ ಒಂದೇ ಗೆರೆಯಿಂದ ಶುರುವಾಗಬೇಕು, ಚೀಲಗಳ ನಡುವಿನ ಜಾಗ ಒಂದೇ ಇರಬೇಕು. 50 ಕ್ವಿಂಟಲ್ ಉಳಿದರೆ ಅರ್ಧ ಚೀಲ, ಅದಕ್ಕಿಂತ ಸಣ್ಣ ಚೂರು ಬೇಡ. ಕನ್ನಡಕ ಮನೆಯಲ್ಲಿ ಮರೆತು ಬಂದ ಹಿರಿಯರೂ ಇದನ್ನು ಎಣಿಸಿ ಹೇಳುತ್ತಾರೆ. ಚಿತ್ರ ಚೆಂದಕ್ಕೂ ಆಯಿತು, ಲೆಕ್ಕಕ್ಕೂ ಆಯಿತು.

ಇನ್ನು ಆ ವಿಕ್ರಿಯ ಅಂಕಿಯ ಒಳಗೇ ಒಂದು ವಿಷಯ ಅಡಗಿದೆ. ನನ್ನನ್ನು ಕೇಳಿದರೆ ನಿಮ್ಮ ಸಂಘದ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಚಿತ್ರ ಇಲ್ಲಿಂದಲೇ ಬರಬೇಕು. ಸಂಘದ ವರ್ಷ ಏಪ್ರಿಲ್‌ನಿಂದ ಮಾರ್ಚ್. ತೋಟದ ವರ್ಷ ಹಾಗಿಲ್ಲ. ಮಳೆಗಾಲ ಮುಗಿದ ಮೇಲೆ ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವುದು) ಶುರುವಾಗಿ ಬೇಸಿಗೆಯ ತನಕ ನಡೆಯುತ್ತದೆ. ಹಸಿಯಾಗಿ ಕೊಯ್ದು, ಸುಲಿದು, ಬೇಯಿಸಿ ಮಾಡಿದ ಕೆಂಪಡಿಕೆ ಬೇಗ ಪೇಟೆಗೆ ಬರುತ್ತದೆ. ಚಾಲಿಗೆ, ಅಂದರೆ ಒಣಗಿಸಿ ಸುಲಿದ ಬಿಳಿ ಅಡಿಕೆಗೆ, ಹಣ್ಣಡಿಕೆ ಅಂಗಳದಲ್ಲಿ ತಿಂಗಳಿಗೂ ಜಾಸ್ತಿ ಒಣಗಬೇಕು, ಆಮೇಲೆ ಸುಲಿಯಬೇಕು. ಅದೂ ಆದ ಮೇಲೆ ದರ ಏರಲಿ ಎಂದು ಕಾಯುವವರು ಕಾಯುತ್ತಾರೆ. ಅಂದರೆ ಒಂದೇ ಹಂಗಾಮಿನ ಮಹಸೂಲು ಮಾರ್ಚ್ 31ರ ಗೆರೆಯ ಎರಡೂ ಕಡೆ ಹಂಚಿಹೋಗುತ್ತದೆ. ಮಾರ್ಚಿನಲ್ಲಿ ದರ ಚೆನ್ನಾಗಿದ್ದರೆ ಎಲ್ಲರೂ ಆಗಲೇ ಕೊಡುತ್ತಾರೆ, ಆ ವರ್ಷದ ವಿಕ್ರಿ ಭಾರೀ ಏರಿದ ಹಾಗೆ ಕಾಣುತ್ತದೆ. ದರ ಮಂದ ಇದ್ದರೆ ಚೀಲಗಳು ಅಟ್ಟದಲ್ಲೇ ಉಳಿದು ಏಪ್ರಿಲ್, ಮೇಯಲ್ಲಿ ಬರುತ್ತವೆ. ಆಗ ವರದಿಯಲ್ಲಿ ‘ವಿಕ್ರಿ ಇಳಿದಿದೆ’ ಎಂದು ಬರುತ್ತದೆ. ತೋಟದಲ್ಲಿ ಫಸಲು ಎರಡೂ ಸಲ ಅಷ್ಟೇ ಇದ್ದಿರಬಹುದು. ವರ್ಷದ ಒಟ್ಟು ಮೊತ್ತವನ್ನು ಎರಡು ಕಂಬವಾಗಿ ತೋರಿಸಿದರೆ ಈ ಸಂಗತಿ ಪೂರ್ತಿ ಮುಚ್ಚಿಹೋಗುತ್ತದೆ.

ಅದಕ್ಕೆ ತಿಂಗಳ ಲೆಕ್ಕದ ಲೈನ್ ಗ್ರಾಫ್ ಮಾಡಿ. ಕೆಳಗಿನ ಗೆರೆಯಲ್ಲಿ ತಿಂಗಳುಗಳು, ಆದರೆ ಅಕ್ಟೋಬರಿನಿಂದ ಶುರು ಮಾಡಿ. ಆಗ ಹಂಗಾಮು ನಡುವೆ ಕತ್ತರಿಸಿ ಹೋಗುವುದಿಲ್ಲ. ಸಭೆ ನಡೆಯುವುದು ಸೆಪ್ಟೆಂಬರಿನಲ್ಲಾದರೆ ಆಗಸ್ಟ್‌ವರೆಗಿನ ಲೆಕ್ಕ ನಿಮ್ಮ ಹತ್ತಿರವೇ ಇರುತ್ತದೆ. ಏಪ್ರಿಲ್‌ನಿಂದ ಮುಂದಿನದು ಆಡಿಟ್ ಆಗದ ಅಂಕಿ ಎಂದು ಕೆಳಗೆ ಒಂದು ಸಾಲು ಬರೆದರಾಯಿತು. ಈ ಹಂಗಾಮಿಗೆ ದಪ್ಪ ಗೆರೆ, ಹಿಂದಿನ ಹಂಗಾಮಿಗೆ ತೆಳು ಗೆರೆ. ಮಾರ್ಚ್ 31ರಲ್ಲಿ ಒಂದು ಚುಕ್ಕಿಗೆರೆ ನೆಟ್ಟಗೆ ಎಳೆದು ‘ಸಂಘದ ವರ್ಷ ಇಲ್ಲಿಗೆ ಮುಗಿಯಿತು’ ಎಂದು ಬರೆಯಿರಿ. ಗೆರೆ ಎಲ್ಲಿ ಜಿಗಿದಿದೆಯೋ ಅಲ್ಲೇ ಪಕ್ಕದಲ್ಲಿ ಕಾರಣ ಬರೆಯಿರಿ. ದರ ಏರಿದ ವಾರ, ಜಾತ್ರೆ ಇದ್ದ ತಿಂಗಳು, ಕೊಳೆರೋಗ ಜೋರಾಗಿದ್ದ ಹಂಗಾಮು. ಈ ಸಣ್ಣ ಬರಹಗಳೇ ಗ್ರಾಫಿಗೆ ಜೀವ. ಸದಸ್ಯರು ತಮ್ಮ ನೆನಪನ್ನು ಆ ಗೆರೆಯ ಜೊತೆ ಹೊಂದಿಸಿ ನೋಡುತ್ತಾರೆ, ‘ನಾನು ಆಗಲೇ ಕೊಟ್ಟೆ’, ‘ನಾನು ಕಾದೆ’ ಎಂದು ಮಾತು ಶುರುವಾಗುತ್ತದೆ.

ಇದನ್ನು ಓದುವ ಕರಾವಳಿಯವರಿಗೂ ಇದೇ ಮಾತು. ಕಾರವಾರದಲ್ಲೋ ಹೊನ್ನಾವರದಲ್ಲೋ ತಿಂಗಳುವಾರು ಮೀನಿನ ಲೆಕ್ಕದ ಗ್ರಾಫ್ ಬರೆದರೆ ಜೂನ್, ಜುಲೈಯಲ್ಲಿ ಗೆರೆ ಪಾತಾಳಕ್ಕೆ ಬೀಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳಿಗೆ ನಿಷೇಧ ಇರುವುದರಿಂದ ಹಾಗೆ ಆಗುತ್ತದೆ. ಬಂದರಿನಲ್ಲಿ ಇದು ಮಕ್ಕಳಿಗೂ ಗೊತ್ತು. ಘಟ್ಟದ ಮೇಲಿನವರಿಗೆ, ಬೆಂಗಳೂರಿನ ಅಧಿಕಾರಿಗಳಿಗೆ ಗೊತ್ತಿರಬೇಕೆಂದಿಲ್ಲ. ಆ ಎರಡು ತಿಂಗಳ ಹಿಂದೆ ತಿಳಿ ಬೂದು ಪಟ್ಟೆ ಹಾಕಿ ‘ನಿಷೇಧದ ಅವಧಿ’ ಎಂದು ಬರೆದುಬಿಡಿ. ಬರೆಯದಿದ್ದರೆ ಯಾರೋ ಒಬ್ಬರು ಅದನ್ನೇ ಮೀನಿನ ಬರಗಾಲ ಎಂದು ವರದಿ ಬರೆಯುತ್ತಾರೆ.

ಠೇವಣಿಯ ಪ್ರಶ್ನೆಗೆ ಹಳೆಯದೊಂದು ಉಪಾಯ ಇದೆ. ಲೈನ್ ಗ್ರಾಫನ್ನು ವ್ಯಾಪಾರದ ಲೆಕ್ಕಕ್ಕೆ ಮೊದಲು ಬಳಸಿದವರು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್, 1786ರಲ್ಲಿ. ಇಂಗ್ಲೆಂಡಿನ ಆಮದಿಗೆ ಒಂದು ಗೆರೆ, ರಫ್ತಿಗೆ ಒಂದು ಗೆರೆ ಎಳೆದು, ಎರಡರ ನಡುವಿನ ಜಾಗಕ್ಕೆ ಅವರು ಬಣ್ಣ ತುಂಬಿದರು. ಗೆರೆಗಳು ಒಂದನ್ನೊಂದು ದಾಟಿದ ಕಡೆ ಲಾಭ ಯಾವ ಕಡೆಗೆ ತಿರುಗಿತು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ನೀವು ಹತ್ತು ವರ್ಷದ ಠೇವಣಿಗೆ ಒಂದು ಗೆರೆ, ಕೊಟ್ಟ ಸಾಲಕ್ಕೆ ಒಂದು ಗೆರೆ ಎಳೆಯಿರಿ. ನಡುವಿನ ಜಾಗಕ್ಕೆ ತಿಳಿ ಬಣ್ಣ ತುಂಬಿ. ಸಂಘ ತನ್ನ ಕಾಲ ಮೇಲೆ ಎಷ್ಟು ನಿಂತಿದೆ, ಹೊರಗಿನ ಸಾಲದ ಮೇಲೆ ಎಷ್ಟು ನಿಂತಿದೆ ಎಂಬ ಚರ್ಚೆಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಬಾರ್ ಚಾರ್ಟಿನ ಹುಟ್ಟೂ ಪ್ಲೇಫೇರ್ ಅವರ ಅದೇ ಪುಸ್ತಕದಲ್ಲಿ ಇದೆ. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಅವರಿಗೆ ಒಂದೇ ವರ್ಷದ ಲೆಕ್ಕ ಸಿಕ್ಕಿತ್ತು. ಗೆರೆ ಎಳೆಯಲು ಸಾಲದ್ದಕ್ಕೆ ಪ್ರತಿ ದೇಶಕ್ಕೂ ಆಮದಿಗೊಂದು, ರಫ್ತಿಗೊಂದು ಪಟ್ಟಿ ಬರೆದರು. ನಿಮಗೂ ಅದೇ ಅಳತೆ. ಹಲವು ವರ್ಷದ ಲೆಕ್ಕ ಇದ್ದರೆ ಗೆರೆ, ಒಂದೆರಡು ವರ್ಷದ್ದು ಮಾತ್ರ ಇದ್ದರೆ ಪಟ್ಟಿ.

ಪಟ್ಟಿ ಬರೆದಾಗ ಅದು ಸೊನ್ನೆಯಿಂದಲೇ ಶುರುವಾಗಬೇಕು. ಕ್ವಿಂಟಲ್‌ಗೆ 46,000 ಇದ್ದ ದರ 48,000 ಆಯಿತು ಎಂದುಕೊಳ್ಳಿ. ಏರಿದ್ದು ಸುಮಾರು ಶೇ 4. ಪಟ್ಟಿಯನ್ನು 45,000ದಿಂದ ಶುರು ಮಾಡಿದರೆ ಒಂದು ಪಟ್ಟಿ ಇನ್ನೊಂದರ ಮೂರು ಪಟ್ಟು ಉದ್ದ ಕಾಣುತ್ತದೆ. ಸಾಫ್ಟ್‌ವೇರು ಕೆಲವೊಮ್ಮೆ ತಾನೇ ಹೀಗೆ ಮಾಡುತ್ತದೆ, ಪ್ರತಿ ಸಲ ನೋಡಿಕೊಳ್ಳಿ. ಗೆರೆಯ ಗ್ರಾಫಿಗೆ ಈ ಕಟ್ಟು ಇಲ್ಲ. ಅಲ್ಲಿ ಕಣ್ಣು ನೋಡುವುದು ಏರಿಳಿತವನ್ನು, ಉದ್ದವನ್ನಲ್ಲ.

ಕಟಬಾಕಿಯ, ಅಂದರೆ ಗಡುವು ಮೀರಿದರೂ ತೀರದ ಸಾಲದ ವಿಷಯ ಸೂಕ್ಷ್ಮ. ಶೇಕಡಾ ಲೆಕ್ಕ ಬಹಳ ಜನರಿಗೆ ಕಾಣುವುದಿಲ್ಲ. ಹತ್ತು ಸಾಲು, ಹತ್ತು ಕಾಲಂ, ಒಟ್ಟು 100 ಸಣ್ಣ ಮನೆಗಳನ್ನು ಬರೆದು, ಬಾಕಿ ಶೇ 6 ಇದ್ದರೆ ಆರು ಮನೆಗೆ ಬಣ್ಣ ಹಾಕಿ. ‘ಸಾಲ ಪಡೆದ 100 ಮನೆಗಳಲ್ಲಿ 6’ ಎಂದು ಬರೆಯಿರಿ. ಆದರೆ ಇದು ಮನೆಗಳ ಲೆಕ್ಕವೋ, ರೂಪಾಯಿಯ ಲೆಕ್ಕವೋ ಎಂದು ಮೊದಲು ನೋಡಿಕೊಳ್ಳಿ. ಎರಡೂ ಬೇರೆ ಬೇರೆ. ರೂಪಾಯಿಯ ಬಾಕಿಯನ್ನು ಮನೆಯ ಚಿತ್ರದಲ್ಲಿ ತೋರಿಸಿದರೆ ತಪ್ಪಾಗುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಬಾಕಿಯನ್ನು ಊರುವಾರು, ಕೇರಿವಾರು ತೋರಿಸಬೇಡಿ. ನಾಲ್ಕೇ ಮನೆ ಇರುವ ಮಜರೆಗೆ ಕೆಂಪು ಬಣ್ಣ ಹಾಕಿದರೆ ಅದು ಯಾರ ಮನೆ ಎಂದು ಸಭೆಯಲ್ಲಿ ಕೂತ ಎಲ್ಲರಿಗೂ ಗೊತ್ತಾಗುತ್ತದೆ. ಹೆಸರು ಬರೆಯದೆಯೇ ಒಬ್ಬರ ಮರ್ಯಾದೆ ತೆಗೆದ ಹಾಗೆ ಆಗುತ್ತದೆ.

ನಕ್ಷೆಗಳ ಆಸೆಯನ್ನೂ ಸ್ವಲ್ಪ ಹಿಡಿತದಲ್ಲಿಡಿ. ನಮ್ಮ ಜಿಲ್ಲೆಯ ನಕ್ಷೆಗೆ ತಾಲೂಕುವಾರು ಬಣ್ಣ ಹಾಕಿದರೆ ಕಣ್ಣು ಮೊದಲು ಹೋಗುವುದು ಜೋಯಿಡಾಕ್ಕೆ. ವಿಸ್ತೀರ್ಣದಲ್ಲಿ ದೊಡ್ಡ ತಾಲೂಕು, ಜನ ತೀರಾ ಕಡಿಮೆ. ಭಟ್ಕಳ ಅದಕ್ಕೆ ಪೂರ್ತಿ ಉಲ್ಟಾ. ಜನರ ಲೆಕ್ಕ ತೋರಿಸಲು ಹೋಗಿ ಕಾಡಿನ ಲೆಕ್ಕ ತೋರಿಸಿದ ಹಾಗಾಗುತ್ತದೆ. ಎಲ್ಲಿ ಎಂಬುದೇ ಮುಖ್ಯವಾದಾಗ, ಉದಾಹರಣೆಗೆ ಯಾವ ಪಂಚಾಯತಿಯಲ್ಲಿ ಎಷ್ಟು ಮಳೆ ಬಿತ್ತು ಎಂದು ತೋರಿಸುವಾಗ, ನಕ್ಷೆ ಬಳಸಿ. ಕರಾವಳಿಯಲ್ಲಿ ಮೂರು ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ, ಮುಂಡಗೋಡ, ಹಳಿಯಾಳದ ಕಡೆ ಅದರ ಅರ್ಧವೂ ಇಲ್ಲ. ಈ ವ್ಯತ್ಯಾಸ ಬಾರ್ ಚಾರ್ಟಿಗಿಂತ ನಕ್ಷೆಯಲ್ಲೇ ಚೆನ್ನಾಗಿ ಕೂರುತ್ತದೆ.

ಈಗ ಕೈಕೆಲಸದ ಮಾತು. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಕ್ಯಾನ್ವಾಕ್ಕೆ ತಂದರೆ ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. ನೋಟೋ ಸ್ಯಾನ್ಸ್ ಕನ್ನಡ ಫಾಂಟು ಸಣ್ಣ ಅಳತೆಯಲ್ಲೂ ಓದಲು ಸಿಗುತ್ತದೆ, ತಲೆಬರಹಕ್ಕೆ ಬಾಲೂ ತಮ್ಮ ಚೆನ್ನಾಗಿರುತ್ತದೆ. ಎರಡು ಸಾಕು. ಇಂಗ್ಲಿಷಿಗೆ ಇಡುವ ಸಾಲಿನ ಅಂತರ ಕನ್ನಡಕ್ಕೆ ಸಾಲುವುದಿಲ್ಲ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಅಂತರ ಜಾಸ್ತಿ ಮಾಡಿ. ಪಿಡಿಎಫ್ ಮಾಡಿದ ಮೇಲೆ ‘ವರ್ಷ’, ‘ಖರ್ಚು’, ‘ಲಕ್ಷ’ ಈ ಮೂರು ಪದ ಸರಿ ಬಂದಿವೆಯಾ ಎಂದು ನೋಡಿ. ಒಡೆಯುವುದಾದರೆ ಮೊದಲು ಇಲ್ಲೇ ಒಡೆಯುತ್ತದೆ. ದೊಡ್ಡ ಮೊತ್ತಗಳನ್ನು ಸಾಫ್ಟ್‌ವೇರು ಮಿಲಿಯನ್ ಲೆಕ್ಕದಲ್ಲಿ ತೋರಿಸುತ್ತದೆ. ಅದರ ಜೊತೆ ಗುದ್ದಾಡಬೇಡಿ. ಶೀಟಿನಲ್ಲೇ ಇನ್ನೊಂದು ಕಾಲಂ ಮಾಡಿ, ಮೊತ್ತವನ್ನು ಲಕ್ಷದಿಂದ ಭಾಗಿಸಿ, ‘ಲಕ್ಷ ರೂ.ಗಳಲ್ಲಿ’ ಎಂದು ಬರೆದು ಆ ಕಾಲಂನಿಂದ ಚಾರ್ಟು ಮಾಡಿ.

ಕೆಂಪು, ಹಸಿರು ಜೋಡಿಯನ್ನು ಬಿಡಿ. ಕೆಲವು ಗಂಡಸರಿಗೆ ಹುಟ್ಟಿನಿಂದಲೇ ಈ ಎರಡು ಬಣ್ಣ ಒಂದೇ ಥರ ಕಾಣುತ್ತವೆ. ನೀಲಿ, ಕೇಸರಿ ಇಟ್ಟುಕೊಂಡರೆ ಆ ತೊಂದರೆ ಇಲ್ಲ. ಪುಸ್ತಕ ಒಂದೇ ಬಣ್ಣದಲ್ಲಿ ಅಚ್ಚಾಗುತ್ತದೆ ಎಂದಾದರೆ ಚಿತ್ರವನ್ನು ಒಮ್ಮೆ ಕಪ್ಪು ಬಿಳುಪು ಜೆರಾಕ್ಸ್ ಮಾಡಿ ನೋಡಿ. ಜೆರಾಕ್ಸಿನಲ್ಲೂ ತಿಳಿಯುತ್ತದೆ ಎಂದರೆ ಬಣ್ಣ ಸರಿಯಾಗಿದೆ. ಬಾಗಿಲಿನ ಪೋಸ್ಟರನ್ನೇ ವಾಟ್ಸಾಪಿಗೆ ಹಾಕಬೇಡಿ. ಮೊಬೈಲಿನಲ್ಲಿ ಅದನ್ನು ಎಳೆದು ಎಳೆದು ನೋಡುವ ತಾಳ್ಮೆ ಯಾರಿಗೂ ಇಲ್ಲ. ಪ್ರತಿ ಚಿತ್ರವನ್ನೂ ಬೇರೆ ಬೇರೆಯಾಗಿ ಚೌಕದ ಅಳತೆಯಲ್ಲಿ ಮಾಡಿ, ಸಭೆಗೆ ಮೊದಲು ದಿನಕ್ಕೊಂದು ಕಳಿಸಿ.

ಅಚ್ಚಿಗೆ ಕೊಡುವ ಮೊದಲು ಕೌಂಟರಿಗೆ ಬಂದ ಮೂರು ನಾಲ್ಕು ಸದಸ್ಯರಿಗೆ ತೋರಿಸಿ. ‘ಅರ್ಥ ಆಯ್ತಾ’ ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. ‘ಇದರಲ್ಲಿ ಏನು ಕಾಣ್ತದೆ ಹೇಳಿ’ ಎಂದು ಕೇಳಿ ಸುಮ್ನೆ ಕೇಳಿಸಿಕೊಳ್ಳಿ. ನೀವು ತಲೆಬರಹದಲ್ಲಿ ಬರೆದದ್ದನ್ನೇ ಅವರು ತಮ್ಮ ಮಾತಿನಲ್ಲಿ ಹೇಳಿದರೆ ಸರಿಯಾಗಿದೆ. ಬೇರೆ ಏನೋ ಹೇಳಿದರೆ ಅವರನ್ನು ತಿದ್ದಬೇಡಿ, ಚಿತ್ರವನ್ನು ತಿದ್ದಿ.

ಈ ಸಲ ಚಿತ್ರಗಳನ್ನು ಬಾಗಿಲಲ್ಲಿ ಹಾಕುವುದೂ ಬೇಡ. ಅಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋಗುವ ಗಡಿಬಿಡಿಯಲ್ಲಿ ಇರುತ್ತಾರೆ. ವರದಿ ಓದುವಾಗ ಆಯಾ ವಿಷಯ ಬಂದ ಕೂಡಲೇ ಆಯಾ ಚಿತ್ರ ಪರದೆಯ ಮೇಲೆ ಬರಲಿ, ಓದುವವರು ಅಲ್ಲಿ ಅರ್ಧ ನಿಮಿಷ ನಿಲ್ಲಿಸಲಿ. ಪ್ರತಿ ಚಿತ್ರದ ಕೆಳಗೆ ಅದರ ಮೂಲ ಅಂಕಿ ವರದಿ ಪುಸ್ತಕದ ಎಷ್ಟನೇ ಪುಟದಲ್ಲಿದೆ ಎಂದು ಬರೆದಿಡಿ. ಪ್ರಶ್ನೆ ಎದ್ದರೆ ಸದಸ್ಯರೇ ಪುಟ ತೆಗೆದು ನೋಡಿಕೊಳ್ಳಬಹುದು. ಕರಡು ಆದ ಮೇಲೆ ಕಳಿಸಿ, ನೋಡಿ ಹೇಳುತ್ತೇನೆ.